ಮಾಲಿ ಚಾಚಾರ ನೀಲಿ ವಟಾಣಿ

ಅವರ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನಂತೆ ದಪ್ಪಗಿತ್ತು. ಉಳಿದ ಒಂಬತ್ತು ಉಗುರುಗಳನ್ನು ವಾರಕ್ಕೊಮ್ಮೆ ಕತ್ತರಿಸಿಕೊಳ್ಳುತ್ತಿದ್ದರು, ಅದೊಂದನ್ನು ಮಾತ್ರ ಬೆಳೆಯಲು ಬಿಟ್ಟಿದ್ದರು. ದಸರೆ ಮುಗಿಯುತ್ತಲೇ ಅದನ್ನು ಬಾವಿಕಟ್ಟೆಯ ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಳ್ಳುವರು. ಆಮೇಲೆ ಹೊಸ್ತಿಲ ಮೇಲೆ ಕೂತು, ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಕಂದು ಬೀಜಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು, ಸಿಪ್ಪೆಯ ಮೇಲೆ ಕೂದಲೆಳೆಯಷ್ಟು ಗೀರು ಹಾಕುವರು. ಗೀರು ಆಳವಾದರೆ ಬೀಜ ಕೊಳೆಯುತ್ತದೆ. ಹಾಕದೆ ಬಿಟ್ಟರೆ ಒಳಗೆ ನೀರು ಇಳಿಯುವುದಿಲ್ಲ, ಬೀಜ ಮಣ್ಣಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಮಲಗಿಬಿಡುತ್ತದೆ.

ನಾನು ಅವರನ್ನು ಮೊದಲ ಸಲ ನೋಡಿದ್ದೇ ಆ ಕೆಲಸದಲ್ಲಿ. ತಲೆ ಎತ್ತದೆಯೇ ಅಂದರು: "ಬರ್ರಿ ಕಾರಕೂನ್ರ. ಈ ಕಡೆ ಕುಂದರ್ರಿ, ಅಲ್ಲಿ ನಿಂತ್ರ ಬೀಜದ ಮ್ಯಾಲ ನೆಳ್ಳ ಬೀಳತೈತಿ."

ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಎರಡು ಮೂರು ವರ್ಷವಿತ್ತು. ನನಗಾಗ ಇಪ್ಪತ್ತೊಂದು. ಹುಬ್ಬಳ್ಳಿಯಲ್ಲಿ ನಮ್ಮ ಮನೆತನದ್ದು ಹತ್ತಿಯ ವ್ಯಾಪಾರ. ಆದರೆ ಹತ್ತಿಯ ಎಳೆ ಮೂಗಿಗೆ ಹೋದರೆ ಸಾಕು, ನನಗೆ ಉಬ್ಬಸ ಏಳುತ್ತಿತ್ತು. ಅಪ್ಪ ಎರಡು ವರ್ಷ ನೋಡಿ, "ಈ ಮಗಾ ಅಂಗಡ್ಯಾಗ ಬಾಳೂದಿಲ್ಲ" ಎಂದು ತೀರ್ಮಾನಿಸಿ ನನಗೆ ಟೈಪಿಂಗ್ ಕಲಿಸಿದರು. ಹಾಗಾಗಿ ಧಾರವಾಡದ ಒಬ್ಬ ಇಂಗ್ರೇಜಿ ಸಾಹೇಬರ ಕಚೇರಿಗೆ ಕಾರಕೂನನಾಗಿ ಬಂದೆ. ಯಾವ ಖಾತೆ ಎಂಬುದು ಇಲ್ಲಿ ಬೇಕಾಗಿಲ್ಲ. ಕಚೇರಿ ಅವರ ಬಂಗಲೆಯ ಒಂದು ಪಕ್ಕದಲ್ಲೇ ಇತ್ತು. ಬಂಗಲೆಯ ಹಿಂದೆ ಆಳುಗಳ ಮನೆಗಳ ಸಾಲಿನಲ್ಲಿ ನನಗೊಂದು ಕೋಣೆ ಕೊಟ್ಟರು. ಪಕ್ಕದ ಮನೆಯೇ ಬಂಗಲೆಯ ಮಾಲಿಯದು. ಅವರನ್ನು ಎಲ್ಲರೂ ಮಾಲಿ ಚಾಚಾ ಅನ್ನುತ್ತಿದ್ದರು, ನಾನೂ ಅಂದೆ. ಐವತ್ತು ದಾಟಿದ ಮನುಷ್ಯ, ಬಡಕಲು ಮೈ, ಮೆಹಂದಿ ಹಚ್ಚಿದ ಗಡ್ಡ. ಸಿಟ್ಟು ಬಂದಾಗ ದನಿ ಏರುವ ಬದಲು ಇಳಿಯುತ್ತಿತ್ತು. ಬಂಗಲೆಯ ಆಳುಗಳು ಅದನ್ನು ಕೇಳಿಯೇ ಹೆದರುತ್ತಿದ್ದರು.

ಆ ಬೀಜ ಸ್ವೀಟ್ ಪೀ ಎಂಬ ವಿಲಾಯತಿ ಹೂವಿನದು. ಬಟಾಣಿಯ ಜಾತಿಯದೇ ಬಳ್ಳಿ, ಆದರೆ ಕಾಳು ತಿನ್ನುವಂತಿಲ್ಲ, ವಿಷ. ಚಿಟ್ಟೆ ರೆಕ್ಕೆ ಬಿಚ್ಚಿದಂತಹ ಹೂ, ಒಂದೇ ಹಂಗಾಮಿನ ಬಾಳು. ಸಂಕ್ರಾಂತಿಯ ಹೊತ್ತಿಗೆ ಅರಳಲು ತೊಡಗಿ, ಹೋಳಿಯ ಬಿಸಿಲಿಗೆ ಒಣಗಿಬಿಡುತ್ತದೆ. ಅದರ ವಾಸನೆಯನ್ನು ಯಾವುದಕ್ಕೆ ಹೋಲಿಸಲಿ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಮಲ್ಲಿಗೆಯಂತೆ ಮೂಗಿಗೆ ಬಂದು ಬಡಿಯುವುದಿಲ್ಲ. ಹೊಸ ಜೇನುತುಪ್ಪದ ಗಡಿಗೆಯ ಮುಚ್ಚಳ ಯಾರೋ ಪಕ್ಕದ ಕೋಣೆಯಲ್ಲಿ ತೆಗೆದ ಹಾಗೆ ಬರುತ್ತದೆ. ಚಾಚಾ ಸಾಹೇಬರ ಮುಂದೆ ಅದನ್ನು 'ಸೀಟಪೀ' ಅನ್ನುವರು, ನಮ್ಮ ಮುಂದೆ 'ವಿಲಾಯ್ತಿ ವಟಾಣಿ'.

ಒಂದು ದಿನ ಅವರು ಬೀಜದ ಖಾಲಿ ಪಾಕೀಟು ಹಿಡಿದು ನನ್ನ ಕೋಣೆಗೆ ಬಂದರು.

"ಎಂಟ ವರ್ಷಾತು, ವರ್ಷಾ ಇದು ಹಡಗದಾಗ ಬರತೈತಿ. ಹಿಂದ ಏನ ಬರದಾರ ಅಂತ ಒಬ್ರೂ ಹೇಳಿಲ್ಲ. ಒಂದೀಟ ಓದ್ರಿ."

ಓದಿ ಹೇಳಿದೆ. ಮಾರ್ಚ್ ತಿಂಗಳಲ್ಲಿ, ಹಿಮ ಕರಗಿ ನೆಲ ಸಡಿಲಾದ ಮೇಲೆ ಬಿತ್ತಬೇಕು ಎಂದಿತ್ತು. ಚಾಚಾ ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

"ಹಂಗಾರ ಮೇಮಸಾಬ್ರದೇನೂ ತಪ್ಪಿಲ್ಲ ಬಿಡ್ರಿ. ಮೊದಲನೇ ವರ್ಷ ಶಿವರಾತ್ರಿ ಆದಮ್ಯಾಲ ಹಾಕಂದ್ರು, ಹಾಕಿದೆ. ಯುಗಾದಿಗೆ ನಾಕ ಎಲಿ, ಬಸವ ಜಯಂತಿಗೆ ಬೂದಿ. ಕಾಗದ ಹಂಗ ಹೇಳತೈತಿ ಅಂತ ನನಗೇನ ಗೊತ್ತು. ಆದ್ರ ಬೀಜಕ್ಕ ಓದಾಕ ಬರೂದಿಲ್ಲಲ್ರಿ."

ಆ ವರ್ಷ ಅವರು ಒಂದು ಹಿಡಿ ಬೀಜವನ್ನು ಹಿಂದೆ ಇಟ್ಟುಕೊಂಡಿದ್ದರಂತೆ. ದಸರೆ ಆದ ಮೇಲೆ ಯಾರನ್ನೂ ಕೇಳದೆ ಬಿತ್ತಿದರು. ಬಳ್ಳಿ ಆಳೆತ್ತರ ಬೆಳೆದು ಹೂವಾಯಿತು. ಮೇಮ್‌ಸಾಹೇಬರು ಬಂದವರಿಗೆಲ್ಲ, ಧಾರವಾಡದಲ್ಲಿ ಅಕ್ಟೋಬರಿನಲ್ಲೇ ಬಿತ್ತಬೇಕು, ಇದು ನಾನು ಕಂಡುಹಿಡಿದದ್ದು ಎಂದು ಹೇಳತೊಡಗಿದರು. ಚಾಚಾ ಅದಕ್ಕೆ ಎದುರಾಡಲಿಲ್ಲ. ನನಗೆ ಹೇಳಿದಾಗಲೂ ದೂರಿನಂತೆ ಹೇಳಲಿಲ್ಲ, ಒಂದು ತಮಾಷೆಯಂತೆ ಹೇಳಿದರು.

ಪಾಕೀಟಿನಲ್ಲಿ ಬರುತ್ತಿದ್ದದ್ದು ಎಲ್ಲ ಬಣ್ಣಗಳ ಬೆರಕೆ: ಬಿಳಿ, ಗುಲಾಬಿ, ಕೆಂಪು, ನೀಲಿ. ಬೇಸಿಗೆ ಶುರುವಾಗುತ್ತಲೇ ಬಳ್ಳಿಗಳನ್ನೆಲ್ಲ ಕಿತ್ತು ಸುಡಬೇಕೆಂದು ಮೇಮ್‌ಸಾಹೇಬರ ಅಪ್ಪಣೆ. ಇಲ್ಲಿ ಹಿಡಿದ ಬೀಜ ಕುಲಗೆಡುತ್ತದೆ, ಹೊಸದೇ ವಿಲಾಯತಿಯಿಂದ ಬರಬೇಕು ಎಂದು ಅವರ ನಂಬಿಕೆ. ಚಾಚಾ ಕಿತ್ತು ರಾಶಿ ಹಾಕುವಾಗ ನೀಲಿ ಹೂವಿನ ಬಳ್ಳಿಗಳ ಕಾಯಿಗಳನ್ನು ಮಾತ್ರ ಬಿಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವನ್ನು ತಮ್ಮ ಮನೆಯ ಹಿತ್ತಲ ಗೋಡೆಗೆ, ಬಂಗಲೆಯಿಂದ ಕಾಣದ ಕಡೆ ಬಿತ್ತುವರು. ಅದರಲ್ಲೂ ಒಳ್ಳೆಯ ಬಳ್ಳಿ ನೋಡಿ, ಅದರ ಬೀಜವನ್ನಷ್ಟೇ ಮುಂದಿನ ವರ್ಷಕ್ಕೆ ಇಡುವರು. ಹೀಗೆ ಏಳು ವರ್ಷ ನಡೆದಿತ್ತು. ನಾನು ನೋಡುವ ಹೊತ್ತಿಗೆ ಹಿತ್ತಲ ಹೂವಿನ ಮುಂದೆ ಬಂಗಲೆಯ ಹೂ ಸಪ್ಪೆ.

ನೀಲಿಯೇ ಏಕೆ ಎಂದರೆ, ಅದು ಚಾಚಿಗಾಗಿ. ಚಾಚಾರ ಹೆಂಡತಿಗೆ ಆರನೆಯ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಅವರ ತಂದೆ ಬಟ್ಟೆಗೆ ಬಣ್ಣ ಹಾಕುವವರು. "ನಮ್ಮಪ್ಪನ ಕೈ ಮೊಣಕೈ ತನಕಾ ನೀಲಿ ಇರತಿತ್ರಿ. ಎಷ್ಟ ತಿಕ್ಕಿದ್ರೂ ಹೋಗತಿರ್ಲಿಲ್ಲ" ಎಂದು ಒಮ್ಮೆ ಚಾಚಿ ನನಗೆ ಹೇಳಿದರು. "ಕೆಂಪ ಮರತೇನಿ, ಹಳದಿ ಮರತೇನಿ. ಅದೊಂದ ಮರತಿಲ್ಲ."

ಬೆಳಿಗ್ಗೆ ಅವರೇ ಹೂ ಕೊಯ್ಯುವರು. ಗೋಡೆಯುದ್ದಕ್ಕೂ ಕೈ ಆಡಿಸುತ್ತ ಹೋಗಿ, ಅರಳಿದ್ದನ್ನು ಮೂಸಿ ಹಿಡಿದು, ದೇಟನ್ನು ಬುಡಕ್ಕೆ ಚಿವುಟುವರು. ಈ ಹೂವನ್ನು ದಿನವೂ ಕೊಯ್ಯಬೇಕು. ಬಿಟ್ಟರೆ ಕಾಯಿ ಹಿಡಿದು, ಬಳ್ಳಿ ತನ್ನ ಕೆಲಸ ಮುಗಿಯಿತೆಂದು ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಚಾಚಿಯ ಕೈಗೆ ಅದೆಲ್ಲ ಗೊತ್ತಿತ್ತು. ಒಂದು ಗೊಂಚಲು ನನ್ನ ಕಿಟಕಿಯಲ್ಲಿ ಇಟ್ಟು ಹೋಗುವರು. ಹತ್ತಿಯ ಅಂಗಡಿಯಲ್ಲಿ ಮುಚ್ಚಿಹೋಗಿದ್ದ ನನ್ನ ಮೂಗು ಆ ಕೋಣೆಯಲ್ಲಿ ತೆರೆಯಿತು ಎಂದೇ ಹೇಳಬೇಕು.

ನಾನು ಮಾಡಿದ ತಪ್ಪು ಎರಡನೆಯ ವರ್ಷದ್ದು.

ಜನವರಿ ಕೊನೆಯಲ್ಲಿ ಊರಿನ ಸಾಹೇಬರೂ ಕೆಲವು ವಕೀಲರೂ ಸೇರಿ ಹೂವಿನ ಪ್ರದರ್ಶನ ಇಡುತ್ತಿದ್ದರು. ಸ್ವೀಟ್ ಪೀಗೆ ಪ್ರತಿ ವರ್ಷ ನಮ್ಮ ಮೇಮ್‌ಸಾಹೇಬರಿಗೇ ಮೊದಲ ಬಹುಮಾನ. ಹೆಸರಿನ ಚೀಟಿಗಳನ್ನು ಬರೆಯುವ ಕೆಲಸ ನನ್ನದು. ಬರೆಯುತ್ತ ಕೂತಾಗ, ಬೆವರು ಸುರಿಸಿದವರ ಹೆಸರು ಎಲ್ಲಿಯೂ ಇಲ್ಲವಲ್ಲ ಅನ್ನಿಸಿತು. ಒಂದು ಚೀಟಿ ಹೆಚ್ಚಿಗೆ ಬರೆದೆ. ಚಾಚಾರ ಹೆಸರು, ಕೆಳಗೆ 'ಮಾಲಿ' ಎಂದು. ಅವರನ್ನು ಕೇಳಿದ್ದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಬೆಳಿಗ್ಗೆ ಚಾಚಿಯ ಬಳಿ ಹೋಗಿ, ಹುಬ್ಬಳ್ಳಿಯಿಂದ ನಮ್ಮವರು ಬರುತ್ತಾರೆ, ಹನ್ನೆರಡು ದೇಟು ಬೇಕು ಎಂದು ಸುಳ್ಳು ಹೇಳಿದೆ. ಅವರು ಉದ್ದನೆಯ ದೇಟಿನವೇ ಆರಿಸಿ ಕೊಟ್ಟರು. ಅವನ್ನು ಆ ಚೀಟಿಯ ಜೊತೆ ಪ್ರದರ್ಶನದ ಮೇಜಿನ ಮೇಲೆ ಇಟ್ಟೆ.

ತೀರ್ಪು ಕೊಡಲು ಬೆಳಗಾವಿಯಿಂದ ಒಬ್ಬ ಮುದುಕ ಸಾಹೇಬರು ಬಂದಿದ್ದರು. ಅವರು ಮೇಜಿನ ಮುಂದೆ ಬಾಗಿ ನಮ್ಮ ಹೂ ಮೂಸಿದರು, ಕನ್ನಡಕ ತೆಗೆದು ಕಣ್ಣು ಮುಚ್ಚಿ ಮತ್ತೆ ಮೂಸಿದರು. ಮೊದಲ ಬಹುಮಾನದ ರಿಬ್ಬನ್ ಪಟ್ಟಿಯನ್ನು ಚಾಚಾರ ಚೀಟಿಗೆ ಚುಚ್ಚಿದರು. ಮೇಮ್‌ಸಾಹೇಬರದು ಎರಡನೆಯದಾಯಿತು. ಅವರು ನಗುತ್ತಲೇ ಬಂದು ಚೀಟಿ ಓದಿದರು. ನಗು ಮುಖದ ಮೇಲೆ ಹಾಗೇ ಉಳಿಯಿತು, ಕುತ್ತಿಗೆ ಮಾತ್ರ ಕೆಂಪಾಯಿತು. ಅವರ ಗೆಳತಿಯೊಬ್ಬಳು, "ನಿನ್ನ ಮಾಲಿ ನಿನಗಿಂತ ಜಾಣ" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ನಾನು ಮಾಡಿದ್ದು ಏನೆಂದು ಆಗ ನನಗೆ ಹೊಳೆಯಿತು.

ಮರುದಿನ ಸಾಹೇಬರು ನನ್ನನ್ನು ಕರೆದು ಪತ್ರ ಹೇಳಿ ಬರೆಸಿದರು. ಬಂಗಲೆಯ ಬೀಜ ಕದ್ದು ಬೆಳೆದ ಕಾರಣಕ್ಕೆ ಮಾಲಿಯನ್ನು ತೆಗೆದುಹಾಕಲಾಗಿದೆ, ನಾಲ್ಕು ದಿನದಲ್ಲಿ ಮನೆ ಬಿಡಬೇಕು.

"ಸರ್, ಹೂ ಇಟ್ಟವನು ನಾನು. ಅವರಿಗೆ ಗೊತ್ತೂ ಇಲ್ಲ" ಎಂದೆ.

"ಬೀಜ ತೆಗೆದವನು ನೀನೋ?"

"ಅಲ್ಲ ಸರ್."

"ಹಾಗಾದರೆ ಟೈಪ್ ಮಾಡು."

ಟೈಪ್ ಮಾಡಿದೆ. ಕೆಲಸ ಬಿಡುತ್ತೇನೆ ಎಂದು ಎದ್ದು ಬರಬಹುದಿತ್ತು. ಬರಲಿಲ್ಲ. ಹುಬ್ಬಳ್ಳಿಗೆ ಹೋಗಿ ಅಪ್ಪನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಪತ್ರವನ್ನು ಚಾಚಾರಿಗೆ ಓದಿ ಹೇಳಬೇಕಾದವನೂ ನಾನೇ. ಓದಿದೆ. ಹಿತ್ತಲಲ್ಲಿ ಬಳ್ಳಿಗೆ ಊರಿದ ತೊಗರಿ ಕಟ್ಟಿಗೆಯೊಂದನ್ನು ಸರಿಮಾಡುತ್ತಿದ್ದ ಅವರು ಕೈ ನಿಲ್ಲಿಸಿದರು. ದನಿ ಇಳಿಯಿತು.

"ಕದ್ದಾನ ಅಂತ ಬರದೈತೇನ್ರಿ?"

"ಹೌದು ಚಾಚಾ."

"ಬೆಂಕಿಗೆ ಹಾಕೂ ಕಾಯಿ ತಗೊಂಡೇನಿ. ಅದಕ್ಕ ಕಳವು ಅಂತಾರೇನು?"

ಹೊಸ್ತಿಲಲ್ಲಿ ಕೂತಿದ್ದ ಚಾಚಿ ಕೇಳಿಸಿಕೊಂಡರು. "ಹನ್ನೆರಡ ದೇಟ ನಾನ ಕೊಟ್ಟಿದ್ದೆ" ಎಂದರು. ನನ್ನ ಕಡೆಗೆ ಮುಖ ಮಾಡಿ ಅಂದದ್ದಲ್ಲ, ನೆಲಕ್ಕೆ ಅಂದಂತಿತ್ತು. ನಾನು ಎಲ್ಲವನ್ನೂ ಹೇಳಿದೆ, ಸುಳ್ಳನ್ನೂ ಸೇರಿಸಿ. ಹೇಳುತ್ತ ಅತ್ತೆ. ಚಾಚಾ ಕಟ್ಟಿಗೆಯನ್ನು ಮಣ್ಣಿಗೆ ಒತ್ತಿ ನಿಲ್ಲಿಸಿದರು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಕೊನೆಗೆ ಕೇಳಿದರು:

"ಆ ಮುದುಕ ಸಾಹೇಬ ಮೂಸಿ ನೋಡಿದ್ನೇನ್ರಿ?"

"ಎರಡ ಸಲ ನೋಡಿದ್ರು. ಕಣ್ಣ ಮುಚ್ಚಿ."

"ಕೇಳಿದೇನ?" ಎಂದರು ಚಾಚಾ, ಹೆಂಡತಿಗೆ.

ಅವರ ಚಿಂತೆ ಬೇರೆಯೇ ಇತ್ತು. ಇದ್ದ ಬೀಜವನ್ನೆಲ್ಲ ಆ ವರ್ಷ ಬಿತ್ತಿಬಿಟ್ಟಿದ್ದರು. ಬಳ್ಳಿ ತುಂಬ ಹೂವಿತ್ತು, ಒಂದು ಕಾಯಿಯೂ ಬಲಿತಿರಲಿಲ್ಲ. ಈ ಬಳ್ಳಿಯ ಬೇರು ಅಲುಗಿದರೆ ಸಾಯುತ್ತದೆ, ಕಿತ್ತು ಒಯ್ಯುವಂತಿಲ್ಲ. ನಾಲ್ಕನೆಯ ದಿನ ಎರಡು ಪೆಟ್ಟಿಗೆ, ಒಂದು ಹಾಸಿಗೆ, ಸಲಿಕೆ, ಗುದ್ದಲಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಕೆಲಗೇರಿಯ ಕಡೆ ಹೋದರು. ಅಲ್ಲಿ ಕೆರೆಯ ಹತ್ತಿರ ಚಾಚಿಯ ತಮ್ಮನ ಒಂದು ತುಂಡು ಜಮೀನಿತ್ತು. ಹೊರಡುವಾಗ ಚಾಚಿ ಗೋಡೆಯುದ್ದಕ್ಕೂ ಒಮ್ಮೆ ಕೈ ಆಡಿಸಿ ಬಂದರು.

ಮೇಮ್‌ಸಾಹೇಬರು ಆ ಬಳ್ಳಿಗಳನ್ನು ಕೀಳಿಸುತ್ತಾರೆಂದುಕೊಂಡಿದ್ದೆ. ಕೀಳಿಸಲಿಲ್ಲ. ಹೊಸ ಮಾಲಿಗೆ ದಿನವೂ ನೀರು ಹಾಕಲು ಹೇಳಿದರು. ಒಂದೆರಡು ಸಲ ತಾವೇ ಬಂದು ಹಿತ್ತಲಲ್ಲಿ ನಿಂತದ್ದನ್ನು ಕಂಡೆ.

ನಾನು ಕಾದೆ. ಹೋಳಿಯ ಹೊತ್ತಿಗೆ ಕಾಯಿಗಳು ಕಂದಾಗಿ, ಬಿಸಿಲಿಗೆ ಚಟ್ ಎಂದು ಸಿಡಿಯಲು ತೊಡಗಿದವು. ಒಂದು ಮಧ್ಯಾಹ್ನ, ಬಂಗಲೆಯವರು ಊಟ ಮಾಡಿ ಮಲಗಿದ್ದಾಗ, ಒಂದೂ ಬಿಡದೆ ಕಾಯಿ ಬಿಡಿಸಿ ಧೋತರದ ಸೆರಗಿಗೆ ಕಟ್ಟಿಕೊಂಡೆ. ಚಾಚಾ ಮಾಡಿದ್ದು ಕಳವಲ್ಲ. ಇದು ಮಾತ್ರ ಖರೆ ಕಳವು. ಸೈಕಲ್ ಹತ್ತಿ ಕೆಲಗೇರಿಗೆ ಹೋಗಿ ಅವರ ಮುಂದೆ ಗಂಟು ಬಿಚ್ಚಿದೆ.

ಅವರು ಬೀಜ ಮುಟ್ಟಲಿಲ್ಲ. "ಬಳ್ಳ್ಯಾಗ ಎಷ್ಟ ಬಿಟ್ಟ ಬಂದೀರಿ?" ಎಂದರು.

"ಒಂದೂ ಬಿಟ್ಟಿಲ್ರಿ."

"ಅದ ಛಲೋ ಅಲ್ಲ. ನಾ ಬಂದಮ್ಯಾಲ ದಿನಾ ನೀರ ಹಾಕಿಸಿದವ್ರ ಅವ್ರು. ನೀರ ಬೀಳದಿದ್ರ ಈ ಕಾಯಿ ಎಲ್ಲಿಂದ ಬರತಿತ್ತು?" ಹಾಸಿದ ಚಾಪೆಯ ಮೇಲೆ ಬೀಜವನ್ನು ಎರಡು ಪಾಲು ಮಾಡಿದರು. "ಇದನ್ನ ಅವ್ರ ಕೈಯಾಗ ಕೊಡ್ರಿ. ಗಿಡದ ಬುಡಕ್ಕ ಚೆಲ್ಲಿ ಬರಬ್ಯಾಡ್ರಿ ಮತ್ತ, ಕೈಯಾಗ ಕೊಡ್ರಿ."

ಚಾಚಿ ಒಂದು ಚಿಂದಿಯಲ್ಲಿ ಕಟ್ಟಿಕೊಟ್ಟರು. ಹಾಗೇ ಸೈಕಲ್ ಹತ್ತಿ ಮರಳಿದೆ. ಈ ಸಲ ಹಿಂದೆಗೆಯಲಿಲ್ಲ. ಸಂಜೆ ಚಹದ ಹೊತ್ತಿಗೆ ವರಾಂಡಕ್ಕೆ ಹೋಗಿ ಮೇಮ್‌ಸಾಹೇಬರ ಕೈಯಲ್ಲೇ ಗಂಟು ಇಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಬಿತ್ತುವ ತಿಂಗಳು ಕಂಡುಹಿಡಿದವರು ಯಾರು ಎಂಬುದನ್ನೂ ಹೇಳಿಬಿಟ್ಟೆ. ಅವರು ಗಂಟು ಬಿಚ್ಚಿ ಬೀಜವನ್ನು ಬೆರಳಲ್ಲಿ ಆಡಿಸಿದರು.

"ಎಲ್ಲಿದ್ದಾನೆ ಅವನು?" ಎಂದು ಕೇಳಿದರು.

ಹೇಳಿದೆ.

"ಮರಳಿ ಕೆಲಸಕ್ಕೆ ಬರಲು ಹೇಳು. ಸಾಹೇಬರನ್ನು ನಾನು ಒಪ್ಪಿಸುತ್ತೇನೆ."

ನಾನು ಮರುದಿನವೇ ಹಾರುತ್ತ ಕೆಲಗೇರಿಗೆ ಹೋದೆ. ಚಾಚಾ ಕೇಳಿ, ಕುಡಿಯುತ್ತಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟರು.

"ಕೆಲಸಾ ಇಲ್ಲೂ ಐತ್ರಿ. ಆದ್ರ ಆ ಕಾಗದ ಐತಲ್ಲ, ಕದ್ದಾನ ಅಂತ ಬರದದ್ದು. ಅದು ಸುಳ್ಳ ಅಂತ ಇನ್ನೊಂದ ಕಾಗದ ಬರದ ಕೊಡಂತ ಹೇಳ್ರಿ. ನನಗ ಅದ ಸಾಕು."

ಸಾಹೇಬರು ಅದನ್ನು ಬರೆಯಲಿಲ್ಲ. ಕಚೇರಿಯ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆ ಎಂದರಂತೆ. ಎಂಟು ದಿನ ಕಳೆದ ಮೇಲೆ ಮೇಮ್‌ಸಾಹೇಬರು ನನ್ನನ್ನು ಕರೆದು, ಟಾಂಗಾ ಹೇಳಿಸಿ, ನನ್ನನ್ನು ಮುಂದೆ ಕೂಡಿಸಿಕೊಂಡು ಕೆಲಗೇರಿಗೆ ಹೊರಟರು. ಚಾಚಾ ಆಗ ಮೊಣಕಾಲುದ್ದ ಮಣ್ಣಿನಲ್ಲಿ ನಿಂತು ಶಾವಂತಿಗೆಗೆ ಮಡಿ ಕಟ್ಟುತ್ತಿದ್ದರು. ಮೇಮ್‌ಸಾಹೇಬರು ತಮ್ಮ ಕೈಯಿಂದಲೇ ಬರೆದ ಒಂದು ಹಾಳೆಯನ್ನು ನನಗೆ ಕೊಟ್ಟು, ಓದು ಎಂದರು. ನಾಲ್ಕೇ ಸಾಲು. ಈ ಮನುಷ್ಯ ನನ್ನಿಂದ ಏನನ್ನೂ ಕದ್ದಿಲ್ಲ. ನಾನು ಸುಡಲು ಹೇಳಿದ್ದನ್ನು ಇವನು ಉಳಿಸಿದ. ಈ ನೀಲಿ ಹೂವನ್ನು ಬೆಳೆಸಿದವನು ಇವನು. ಇವನ ಬಗ್ಗೆ ಬರೆದ ಮಾತಿಗೆ ನಾನು ವಿಷಾದಿಸುತ್ತೇನೆ. ಕೆಳಗೆ ಸಹಿ.

ನಾನು ಕನ್ನಡದಲ್ಲಿ ಹೇಳಿದೆ.

"ಇನ್ನೊಮ್ಮೆ ಓದ್ರಿ" ಎಂದರು ಚಾಚಾ. "ಅಕಿಗೂ ಕೇಳಲಿ."

ಚಾಚಿ ಬಾಗಿಲಿಗೆ ಬಂದು ನಿಂತ ಮೇಲೆ ಇನ್ನೊಮ್ಮೆ ಓದಿದೆ. ಚಾಚಾ ಕೈ ತೊಳೆದುಕೊಂಡು ಬಂದು, ಹಾಳೆಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಮೇಮ್‌ಸಾಹೇಬರಿಗೆ ಕೂಡಲು ಒಂದು ಮಣೆ ತಂದುಕೊಟ್ಟು, ಬೀಜಕ್ಕೆ ಉಗುರಿನಿಂದ ಹೇಗೆ ಗೀರು ಹಾಕಬೇಕೆಂದು ತೋರಿಸಿದರು. ಮೇಮ್‌ಸಾಹೇಬರ ಉಗುರು ಮೃದುವಾಗಿತ್ತು, ಆಗಲಿಲ್ಲ. ಇಬ್ಬರೂ ನಕ್ಕರು. ಕೆಲಸಕ್ಕೆ ಮರಳುವ ಮಾತನ್ನು ಯಾರೂ ಎತ್ತಲಿಲ್ಲ.

ಯುದ್ಧ ಬಂತು. ವಿಲಾಯತಿಯಿಂದ ಹಡಗಿನಲ್ಲಿ ಬೀಜ ಬರುವುದು ನಿಂತುಹೋಯಿತು. ಆ ವರ್ಷಗಳಲ್ಲಿ ಧಾರವಾಡದ ಯಾವುದೇ ಬಂಗಲೆಯ ಬೇಲಿಯಲ್ಲಿ ಈ ಹೂ ಕಂಡರೆ ಅದು ನೀಲಿಯೇ, ಅದು ಕೆಲಗೇರಿಯಿಂದ ಹೋದದ್ದೇ. ಕೇಳಿದವರಿಗೆಲ್ಲ ಚಾಚಾ ಒಂದು ಚಿಟಿಕೆ ಕೊಡುವರು. "ಬೀಜ ಕೇಳಾಕ ಬಂದವ್ರಿಗೆ ಇಲ್ಲ ಅನಬಾರದ್ರಿ" ಎಂಬುದು ಅವರ ಮಾತು. ಸಾಹೇಬರು ವರ್ಗವಾಗಿ ಹೋದರು. ಮೇಮ್‌ಸಾಹೇಬರು ಹೋಗುವ ಮುಂಚೆ ಮತ್ತೊಮ್ಮೆ ಬಂದು ಬೀಜ ಒಯ್ದರೆಂದು ಕೇಳಿದೆ. ನಾನು ಹೊಸ ಸಾಹೇಬರ ಕೈಕೆಳಗೂ ಟೈಪ್ ಮಾಡುತ್ತ ಉಳಿದೆ, ಮದುವೆಯಾದೆ. ರವಿವಾರಗಳಲ್ಲಿ ಕೆಲಗೇರಿಗೆ ಹೋಗುವುದು ಮಾತ್ರ ತಪ್ಪಲಿಲ್ಲ. ಕ್ಷಮಿಸಿ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಅವರು ನನ್ನ ಕೈಗೆ ನೀರಿನ ಝಾರಿ ಕೊಟ್ಟು, "ಆ ತುದೀಗೆ ಒಂದೀಟ ಹಾಕ್ರಿ" ಎನ್ನುವರು.

ಯುದ್ಧ ಮುಗಿದ ವರ್ಷದ ಮಳೆಗಾಲದಲ್ಲಿ ಅವರಿಗೆ ಎದೆಯಲ್ಲಿ ಕಫ ಕಟ್ಟಿತು. ಕೊನೆಯ ರವಿವಾರ ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಬೀಜದ ತಗಡಿನ ಡಬ್ಬಿಯನ್ನು ಹತ್ತಿರ ತರಿಸಿ, "ಇದರ ಮ್ಯಾಲ ಹೆಸರ ಬರೀರಿ ಕಾರಕೂನ್ರ" ಎಂದರು.

"ನಿಮ್ಮ ಹೆಸರ ಬರೀಲೇನ್ರಿ ಚಾಚಾ?"

"ನಂದ್ಯಾಕ? ಅಕೀದ ಬರೀರಿ. ನಾಳೆ ಯಾರರ ಬಂದು ಇದು ಯಾರದಂತ ಕೇಳಿದ್ರ ಅಕಿ ಎದುರ ಉತ್ತರಾ ಇರಬೇಕು."

ಬರೆದೆ. ಅಕ್ಷರ ಒಣಗುವ ತನಕ ಅವರು ಡಬ್ಬಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಆ ವಾರದಲ್ಲೇ ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಮೂರು ಹಿಡಿ ಮಣ್ಣು ಹಾಕಬೇಕೆಂದು ಚಾಚಿಯ ತಮ್ಮ ಹೇಳಿಕೊಟ್ಟ, ಹಾಕಿದೆ.

ದಸರೆ ಬಂತು. ಈ ಬಳ್ಳಿಗೆ ಮೊದಲೇ ಕಾಲುವೆಯಂತೆ ಆಳವಾಗಿ ತೋಡಿ, ಹಳೆಯ ಗೊಬ್ಬರ ತುಂಬಿ, ಮಣ್ಣು ಕೂಡಲು ಬಿಡಬೇಕು. ನಾನು ರಜೆ ಹಾಕಿ ಹೋದೆ. ಚಾಚಿ ಹಗ್ಗ ಕಟ್ಟಿ ಗೆರೆ ಹಿಡಿದಿಟ್ಟಿದ್ದರು. ಮಧ್ಯಾಹ್ನದ ತನಕ ಗುದ್ದಲಿ ಹಾಕಿದೆ. ಟೈಪ್ ಮಾಡುವ ಕೈ, ಬೊಬ್ಬೆ ಎದ್ದು ಒಡೆದವು. ಸಾಕು ಅನ್ನಿಸಿದಾಗ ಚಾಚಿಯನ್ನು ಕರೆದೆ. ಅವರು ಅಂಚಿಗೆ ಕೂತು, ತೋಳನ್ನು ಕಾಲುವೆಯೊಳಗೆ ಇಳಿಬಿಟ್ಟು, ತಳದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು.

"ಇನ್ನೊಂದ ಗೇಣ ಹೋಗಬೇಕ್ರಿ" ಎಂದರು. "ಅವ್ರಾಗಿದ್ರ ಇಷ್ಟಕ್ಕ ಬಿಡತಿರ್ಲಿಲ್ಲ."

ನಾನು ಮತ್ತೆ ಕೆಳಗಿಳಿದೆ.